ಹಗೆಯ ಟಗರು

ನಮ್ಮ ಮನೆಯಲ್ಲಿ ಬೆಳಗಿನ ಮೊದಲ ರೊಟ್ಟಿ ಮನುಷ್ಯರಿಗೆ ಸಿಗುತ್ತಿರಲಿಲ್ಲ, ಟಗರಿಗೆ ಹೋಗುತ್ತಿತ್ತು. ಜೇಜಿ ಒಲೆಯ ಮುಂದಿನಿಂದ ಎದ್ದು, ಬಿಸಿ ರೊಟ್ಟಿಯನ್ನು ಕೈಯಿಂದ ಕೈಗೆ ಹಾರಿಸುತ್ತ ಅಂಗಳಕ್ಕೆ ಹೋಗಿ, ಗೂಟಕ್ಕೆ ಕಟ್ಟಿದ್ದ ಕರಿ ಟಗರಿಗೆ ಮುರಿದು ಮುರಿದು ತಿನ್ನಿಸುತ್ತಿದ್ದಳು. ನಾನೂ ತಮ್ಮ ಶಿವಕೃಷ್ಣನೂ ತಟ್ಟೆ ಹಿಡಿದು ಬಾಯಿ ಬಿಟ್ಟುಕೊಂಡು ಕೂತಿರುತ್ತಿದ್ದೆವು. ನಮಗಿಂತ ಅದೇ ಹೆಚ್ಚಾಯಿತೇ ಎಂದು ತಮ್ಮ ಗೊಣಗಿದರೆ, ಅವ್ವ ಉಚ್ಚಮ್ಮ ಕಣ್ಣಲ್ಲೇ ಗದರಿಸುತ್ತಿದ್ದಳು. ಜೇಜಿ ಎಂದರೆ ಅಪ್ಪನ ತಾಯಿ, ಲಿಂಗಕ್ಕ. ಪತ್ತಿಕೊಂಡದ ಕಡೆಯ ನಮ್ಮೂರಲ್ಲಿ ಅರ್ಧ ಮಾತು ಕನ್ನಡ, ಅರ್ಧ ತೆಲುಗು. ಅಜ್ಜಿ ನಮಗೆ ಜೇಜಿಯೇ.

ಎಷ್ಟು ಮುದ್ದಾಗಿ ಸಾಕಿದ್ದಾರೆ ಎಂದು ಹೊಸಬರು ಮೆಚ್ಚಿಕೊಳ್ಳುತ್ತಿದ್ದರು. ಅವರಿಗೆ ಗೊತ್ತಿರಲಿಲ್ಲ, ಅದು ಹಗೆಯ ಟಗರು.

ನಮ್ಮ ನಾಲ್ಕಾರು ಕುರಿಗಾರ ಮನೆತನಗಳಲ್ಲಿ ಒಂದು ಪದ್ಧತಿ ಇತ್ತು. ಮನೆಯವರು ಯಾರಾದರೂ ಕೊಲೆಯಾದರೆ, ಹಿರಿಯನೊಬ್ಬ ಅಂಗಳದಲ್ಲಿ ಗೂಟ ಹುಗಿದು ಗಂಡು ಮರಿಯೊಂದನ್ನು ಕಟ್ಟುತ್ತಾನೆ. ಕೊಂದವನು ಸತ್ತ ದಿನ ಅದನ್ನು ಸುಂಕ್ಲಮ್ಮನ ಗುಡಿಯ ಮುಂದೆ ಕಡಿಯಬೇಕು. ಅಲ್ಲಿಯವರೆಗೆ ಅದನ್ನು ಹಿಂಡಿಗೆ ಬಿಡುವಂತಿಲ್ಲ, ಉಣ್ಣೆ ಕತ್ತರಿಸುವಂತಿಲ್ಲ. ಮನೆಗೆ ಸುಣ್ಣ ಬಳಿಯುವಂತಿಲ್ಲ, ಹಬ್ಬಕ್ಕೆ ಹೋಳಿಗೆ ಮಾಡುವಂತಿಲ್ಲ, ಮದುವೆಯಂತೂ ಇಲ್ಲವೇ ಇಲ್ಲ. ಆ ಗೂಟವನ್ನು ಹುಗಿದವನೇ ಕೀಳಬೇಕು. ಸತ್ತವನ ಮಗ ಪ್ರಾಯಕ್ಕೆ ಬಂದರೆ ಹಗ್ಗ ಅವನ ಕೈಗೆ ಬರುತ್ತದೆ, ಅದರೊಂದಿಗೆ ಹಗೆ ತೀರಿಸುವ ಹೊಣೆಯೂ.

ನಾವಿನ್ನೂ ಚಿಕ್ಕವರಿದ್ದಾಗ, ಹತ್ತಿ ಬಿಡಿಸಿದ ಹೊಲದಲ್ಲಿ ಕುರಿ ಮೇಯಿಸುವ ಜಗಳಕ್ಕೆ, ಮಲ್ಲಯ್ಯನೆಂಬವನು ನನ್ನ ಅಪ್ಪ ಉರುಕುಂದಪ್ಪನನ್ನೂ ಚಿಕ್ಕಪ್ಪ ದುರುಗೇಶನನ್ನೂ ಕೊಡಲಿಯಿಂದ ಕಡಿದು ಹಾಕಿದ. ಜೇಜಿಗೆ ಇದ್ದವರೇ ಇಬ್ಬರು ಮಕ್ಕಳು. ಅವನು ಮಾಡಿದ್ದು ಘೋರ; ಅದನ್ನು ಸಣ್ಣದು ಮಾಡಿ ತೋರಿಸಲು ನಾನು ಇದನ್ನು ಬರೆಯುತ್ತಿಲ್ಲ. ನ್ಯಾಯಾಲಯ ಅವನಿಗೆ ಗಲ್ಲುಶಿಕ್ಷೆ ಕೊಟ್ಟಿತು. ಅಂದೇ ನಮ್ಮ ದೊಡ್ಡ ತಾತ ಪಂಪಣ್ಣ, ಅಂದರೆ ಜೇಜಿಯ ತೀರಿಹೋದ ಗಂಡನ ಅಣ್ಣ, ಮರಿ ತಂದು ಕಟ್ಟಿದ. ಬರುವ ಯುಗಾದಿಯೊಳಗೆ ಕಡಿದುಬಿಡೋಣ ಎಂದಿದ್ದನಂತೆ.

ಎಷ್ಟೋ ಯುಗಾದಿಗಳು ಬಂದು ಹೋದವು. ಕೇಸು ಹೈಕೋರ್ಟಿಗೆ ಹೋಯಿತು, ದಿಲ್ಲಿಗೆ ಹೋಯಿತು. ಮರಿ ಟಗರಾಯಿತು, ಕೊಂಬು ಸುರುಳಿ ಸುತ್ತಿತು, ಉಣ್ಣೆ ಜಡೆಗಟ್ಟಿ ನೆಲಕ್ಕೆ ಇಳಿಬಿತ್ತು. ಚೈತ್ರದ ಬಿಸಿಲಿಗೆ ಅದು ನಾಲಿಗೆ ಹೊರಹಾಕಿ ಏದುಸಿರು ಬಿಡುತ್ತಿದ್ದರೆ, ಜೇಜಿ ಒದ್ದೆ ಗೋಣಿತಾಟು ಹೊದಿಸಿ ಪಕ್ಕದಲ್ಲೇ ಕೂರುತ್ತಿದ್ದಳು. ಸುಣ್ಣ ಕಾಣದ ನಮ್ಮ ಗೋಡೆಗಳೂ ಹೆಚ್ಚುಕಡಿಮೆ ಅದರಂತೆಯೇ ಆಗಿದ್ದವು. ಮದ್ದಿಕೇರದ ಒಂದು ಸಂಬಂಧ ನನ್ನನ್ನು ಒಪ್ಪಿತ್ತು. ಟಗರು ಕಡಿಯುವವರೆಗೆ ಕಾಯಿರಿ ಎಂದ ದೊಡ್ಡ ತಾತ. ಪಾಪ, ಒಂದು ವರ್ಷ ಕಾದರು. ಆಮೇಲೆ ಬೇರೆ ಹೆಣ್ಣು ನೋಡಿಕೊಂಡರು. ಅವರ ತಾಳ್ಮೆ ಕೆಟ್ಟಿದ್ದೇ ನನ್ನ ಭಾಗ್ಯ ಎಂದು ನನ್ನ ಗಂಡ ಈಗ ಮೀಸೆ ತಿರುವುತ್ತಾರೆ. ಆಗ ಮಾತ್ರ ನಾನು ಅಡುಗೆಮನೆಯಲ್ಲಿ ಕೂತು ಅತ್ತಿದ್ದೆ.

ಹೀಗಿರುವಾಗ ಆದೋನಿಯಿಂದ ವಕೀಲ ಬಸವಪ್ರಸಾದ್ ಬಂದರು. ಹತ್ತಿ ವ್ಯಾಪಾರಸ್ಥರ ಮನೆಯವರು, ಮಿತ ಮಾತಿನವರು. ದೊಡ್ಡ ತಾತ ಕಟ್ಟೆಯ ಮೇಲೆ ಇದ್ದ, ಶಿವಕೃಷ್ಣ ಅವನ ಪಕ್ಕದಲ್ಲಿದ್ದ. ತಮ್ಮ ಪಶುವೈದ್ಯಕೀಯ ಡಿಪ್ಲೊಮಾ ಓದುತ್ತಿದ್ದವನು ರಜೆಗೆ ಬಂದಿದ್ದ.

"ನಾ ಮಲ್ಲಯ್ಯನ ಪರ ಬಂದೀನ್ರಿ, ಸುಳ್ಳು ಹೇಳಂಗಿಲ್ಲ. ಗಲ್ಲು ತಪ್ಪಿಸ್ರಿ ಅಂತ ರಾಷ್ಟ್ರಪತಿಗಳಿಗೆ ಅರ್ಜಿ ಹೋಗೈತಿ. ಸತ್ತವರ ತಾಯಿ ಒಂದು ಮಾತು ಹೇಳಿದ್ರ ತೂಕ ಇರ್ತೈತಿ. ಬಲವಂತ ಏನಿಲ್ಲ."

"ಎರಡು ಹೆಣ ಬಿದ್ದಾವು ವಕೀಲಪ್ಪ," ಎಂದ ದೊಡ್ಡ ತಾತ. "ಗಲ್ಲು ಆಗಲೇಬೇಕು. ಸರ್ಕಾರದ ಕೈಲಿ ಆಗದಿದ್ರ ನಮ್ಮ ಹುಡುಗ ಅದಾನ."

ವಕೀಲರು ಸಮಾಧಾನವಾಗಿಯೇ ಹೇಳಿದರು. ನ್ಯಾಯಾಲಯವೂ ಮನುಷ್ಯರದೇ, ಒಮ್ಮೊಮ್ಮೆ ತಪ್ಪುತ್ತದೆ. ಜೈಲಿನಲ್ಲಿದ್ದವನನ್ನು ಹೊರಗೆ ತರಬಹುದು, ಗಲ್ಲಿಗೆ ಹೋದವನನ್ನು ತರಲಾಗದು. ಒಳ್ಳೆಯ ವಕೀಲನನ್ನು ಇಡಲಾಗದ ಬಡವನ ಕೊರಳಿಗೇ ಹಗ್ಗ ಹೆಚ್ಚು ಬೀಳುತ್ತದೆ. ಕೊಡಲಿ ಎತ್ತಿದಾಗ ಮಲ್ಲಯ್ಯನಿಗೆ ಗಲ್ಲಿನ ಭಯ ಅಡ್ಡ ಬಂತೇ? ಸಾಯುವ ತನಕ ಜೈಲಿನಲ್ಲಿರುವುದು ಕಡಿಮೆ ಶಿಕ್ಷೆಯೇ? ದೊಡ್ಡ ತಾತ ಯಾವುದಕ್ಕೂ ಜಗ್ಗಲಿಲ್ಲ. ಅವನಿಗೆ ಅಲ್ಲಿ ಕೂಡಿಸಿ ಅನ್ನ ಹಾಕುತ್ತಾರೆ, ನಮ್ಮ ಮಕ್ಕಳು ಮಣ್ಣಲ್ಲಿದ್ದಾರೆ ಎಂದ. ಆ ಮಾತು ನನಗೂ ಚುಚ್ಚಿತು. ಅವ್ವನೂ, ಅವನು ಸಾಯಬೇಕೆಂದೇ ತನಗೆ ಅನ್ನಿಸುವುದು ಎಂದು ಮುಚ್ಚುಮರೆಯಿಲ್ಲದೆ ಹೇಳಿದಳು. ವಕೀಲರು ಆಕೆಯೊಂದಿಗೆ ವಾದಕ್ಕೆ ಇಳಿಯಲಿಲ್ಲ. ನಿಮ್ಮ ಸಿಟ್ಟು ನ್ಯಾಯದ್ದೇ ತಾಯಿ ಎಂದು ತಲೆ ತಗ್ಗಿಸಿದರು.

ಜೇಜಿ ಬಾಗಿಲ ಹಿಂದೆ ಇದ್ದಳು. ಭಾವನ ಎದುರು ನಿಂತು ಮಾತಾಡಿದವಳಲ್ಲ ಅವಳು. ಒಳಗಿನಿಂದಲೇ ನನ್ನನ್ನು ಕರೆದಳು.

"ಹಾರಿಕಾ, ನಿಮ್ಮ ತಾತನ್ನ ಕೇಳು. ಮಲ್ಲಯ್ಯನ್ನ ಗಲ್ಲಿಗೆ ಹಾಕಿದ್ರ, ಅವರ ಮನ್ಯಾಗ ಟಗರು ಕಟ್ತಾರೇನು?"

ಎಲ್ಲರಿಗೂ ಕೇಳಿಸಿತ್ತು. ಆದರೂ ರೂಢಿ ಬಿಡಬಾರದಲ್ಲ, ನಾನು ಟಪಾಲಿನವಳ ಹಾಗೆ ಇನ್ನೊಮ್ಮೆ ಹೇಳಿದೆ.

ದೊಡ್ಡ ತಾತನ ಎದೆ ಉಬ್ಬಿತು. "ಕಟ್ಟದೇ ಬಿಡ್ತಾರೇನು? ಅವರೂ ಮರ್ಯಾದಸ್ಥರೇ. ಮಲ್ಲಯ್ಯಗೂ ಮಗ ಅದಾನ."

ವಕೀಲರು ಮಜ್ಜಿಗೆ ಕುಡಿದು ಹೊರಟುಹೋದರು.

ಅದೇ ಬೇಸಿಗೆಯಲ್ಲಿ ಟಗರು ಸತ್ತಿತು. ಯಾರೂ ಕಡಿಯಲಿಲ್ಲ, ಮುಪ್ಪು ಮತ್ತು ಸೆಕೆ ಸೇರಿ ಅದನ್ನು ತಿಂದುಹಾಕಿದವು. ಹೂಳುವ ಮುಂಚೆ ಜೇಜಿ ಉಣ್ಣೆ ಕತ್ತರಿ ತರಿಸಿದಳು. ಸತ್ತ ಟಗರಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಜಡೆಗಟ್ಟಿದ ಉಣ್ಣೆಯನ್ನೆಲ್ಲ ಕತ್ತರಿಸಿ ತೆಗೆದಳು. ಹೋಗುವಾಗಲಾದರೂ ಹಗುರಾಗಿ ಹೋಗಲಿ ಎಂದಳು. ಅಷ್ಟು ದೊಡ್ಡದು ಎಂದುಕೊಂಡಿದ್ದ ಟಗರು, ಉಣ್ಣೆ ಹೋದ ಮೇಲೆ ಬರೀ ಎಲುಬಿನ ಗೂಡಾಗಿತ್ತು. ನಾವೆಲ್ಲರೂ ಅತ್ತೆವು.

ಕಣ್ಣೀರು ಆರುವ ಮುಂಚೆಯೇ ದೊಡ್ಡ ತಾತ ಅಣ್ಣತಮ್ಮಂದಿರ ಮನೆಯವರನ್ನೆಲ್ಲ ಕರೆದುಕೊಂಡು ಬಂದ. ಅವನ ಕಂಕುಳಲ್ಲಿ ಇನ್ನೊಂದು ಕರಿ ಮರಿ ಇತ್ತು. ಅದನ್ನು ಅದೇ ಗೂಟದ ಬಳಿ ನಿಲ್ಲಿಸಿ, ಹಗ್ಗದ ತುದಿಯನ್ನು ಶಿವಕೃಷ್ಣನ ಕೈಗೆ ಕೊಟ್ಟ. ಸರ್ಕಾರ ಗಲ್ಲಿಗೆ ಹಾಕದಿದ್ದರೆ, ಮಲ್ಲಯ್ಯ ಹೊರಗೆ ಬಂದ ದಿನ ನಾನೇ ತೀರಿಸುತ್ತೇನೆ ಎಂದು ಆಣೆ ಮಾಡು ಅಂದ. ತಮ್ಮ ಬೇಡವೆನ್ನಲಿಲ್ಲ. ಹಗ್ಗವನ್ನು ಎರಡು ಸುತ್ತು ಮುಂಗೈಗೆ ಸುತ್ತಿಕೊಂಡ. ಅವನ ಕಣ್ಣುಗಳು ಕೆಂಪಾಗಿದ್ದವು. ಕುರಿಮರಿಗೆ ಮೆಲ್ಲಗೆ ಸೂಜಿ ಚುಚ್ಚುವುದನ್ನು ಕಲಿಯುತ್ತಿದ್ದ ಹುಡುಗ ಇವನೇನಾ ಎನ್ನಿಸಿತು ನನಗೆ.

ಆಗ ಜೇಜಿ ಬಾಗಿಲು ದಾಟಿ ಹೊರಗೆ ಬಂದಳು. ಸೆರಗು ಸರಿಮಾಡಿಕೊಂಡು ನೇರ ಭಾವನ ಎದುರು ನಿಂತಳು.

"ನಿಮ್ಮ ಮುಂದ ಬಾಯಿ ತೆರೆದಾಕಿ ಅಲ್ಲ ಭಾವ, ಇವತ್ತು ಮಾತಾಡ್ತೀನಿ. ನನ್ನ ಮಕ್ಕಳಿಬ್ಬರೂ ಹೋದ್ರು. ಅವರ ಹೆಸರಾಗ ಒಂದು ಮೂಕಜೀವ ಬೆಂದು ಸತ್ತಿತು. ಈಗ ಹಗ್ಗದ ಆ ತುದಿಗೆ ಮರಿ ಐತಿ, ಈ ತುದಿಗೆ ನನ್ನ ಮೊಮ್ಮಗ ಅದಾನ. ಯಾರನ್ನ ಕಟ್ಟೀರಿ ನೀವೇ ನೋಡ್ರಿ."

"ದೇವಿ ಸುಮ್ನಿರ್ತಾಳೇನು ಲಿಂಗಕ್ಕ?"

"ದೇವಿ ಸಿಟ್ಟು ನನಗಿರ್ಲಿ. ಹೆತ್ತಾಕಿ ನಾನು." ಅವಳು ತಮ್ಮನ ಕಡೆ ತಿರುಗಿದಳು. "ಬಿಡಪ್ಪ."

ಅವನು ಬಿಡಲಿಲ್ಲ. "ಮತ್ತ ನಮ್ಮಪ್ಪಗ ಏನು ಮಾಡ್ಲಿ ಜೇಜಿ?"

"ನಿಮ್ಮಪ್ಪ ನಿನ್ನನ್ನ ಹೆಗಲ ಮ್ಯಾಲ ಕೂಡಿಸ್ಕೊಂಡು ಉರುಕುಂದದ ಗುಡಿ ತನಕ ನಡಕೊಂಡು ಹೋಗಿದ್ದ. ನಿನಗ ಆಯುಷ್ಯ ಬೇಡಾಕ ಹೋಗಿದ್ದ. ಅದನ್ನ ಉಳಿಸಿಕೋ."

ಅವ್ವ ಎದ್ದು ಬಂದಳು. ತನ್ನ ಸಿಟ್ಟು ಹಾಗೇ ಇದೆ, ಹೋಗುವುದೂ ಇಲ್ಲ, ಆದರೆ ಮಗನ ಕೈಗೆ ಹಗ್ಗ ಬೇಡ ಎಂದಳು. ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಶಿವಕೃಷ್ಣ ಚಿಕ್ಕ ಹುಡುಗನಂತೆ ಅವಳ ಹೆಗಲಿಗೆ ಒರಗಿ ಅತ್ತ. ಜೇಜಿ ಮರಿಯ ಕೊರಳಿನ ಗಂಟು ಬಿಚ್ಚಿ, ಬೆನ್ನ ಮೇಲೆ ತಟ್ಟಿ, ಹಿಂಡಿನ ಕಡೆ ಅಟ್ಟಿದಳು. ದೊಡ್ಡ ತಾತ ಮುಖ ತಿರುಗಿಸಿ ಹೊರಟುಹೋದ. ಗೂಟ ಮಾತ್ರ ಅಲ್ಲೇ ಉಳಿಯಿತು.

ಮರುವಾರ ನಾನೂ ಜೇಜಿಯೂ ಬಸ್ಸು ಹತ್ತಿ ಆದೋನಿಗೆ ಹೋದೆವು. ಅವಳು ಹೇಳಿದಳು, ನಾನು ಬರೆದೆ. ಮಾಫಿ ಎಂಬ ಮಾತನ್ನು ವಕೀಲರು ಎತ್ತಿದಾಗ ಅವಳು ಅವರನ್ನು ಅಲ್ಲಿಗೇ ತಡೆದಳು.

"ಮಾಫಿ ಅಂತ ಬರೀಬ್ಯಾಡ್ರಿ. ಮಾಫಿ ಮಾಡಿಲ್ಲ. ಅವ್ನು ಬದುಕಿರೋ ತನಕ ಒಳಗಿರ್ಲಿ, ನನ್ನ ಮಕ್ಕಳನ್ನ ನೆನಸ್ಕೊಂತ ಇರ್ಲಿ. ಅವ್ನ ಮಗನ ಕೈಗೆ ಹಗ್ಗ ಕೊಡಬ್ಯಾಡ್ರಿ, ಅಷ್ಟೇ."

ಮುಂದೆ ಶಿಕ್ಷೆ ಜೀವಾವಧಿಗೆ ಇಳಿಯಿತು. ಜೇಜಿಯ ಮಾತಿಗೆ ಅದರಲ್ಲಿ ಎಷ್ಟು ಪಾಲು ಎಂದು ವಕೀಲರಿಗೂ ಗೊತ್ತಿಲ್ಲ. ನನಗೆ ಗೊತ್ತಿರುವುದು ಇಷ್ಟು: ನನ್ನ ತಮ್ಮ ಇಂದು ಊರೂರು ತಿರುಗಿ ಕುರಿಗಳಿಗೆ ಔಷಧ ಹಾಕುತ್ತಾನೆ, ಮಲ್ಲಯ್ಯನ ಮನೆಯ ಕುರಿಗಳಿಗೂ. ಈ ಉಪಕಾರಕ್ಕಾಗಿ ನಾನು ದಿನವೂ ಜೇಜಿಗೆ ಕೈಮುಗಿಯುತ್ತೇನೆ. ಗಲ್ಲು ಬೇಕೇ ಬೇಕು ಎನ್ನುವವರು ಒಮ್ಮೆ ಇಂಥ ಅಂಗಳವನ್ನು ನೆನೆಯಲಿ ಎಂದು ಇದನ್ನು ಬರೆದೆ.

ಇದರ ನಡುವೆ ನನ್ನ ಮದುವೆ ಗೊತ್ತಾಯಿತು. ಗೋಡೆಗೆ ಸುಣ್ಣ ಬಿತ್ತು. ಹಂದರ ಹಾಕುವ ಮುಂಜಾನೆ, ಕರೆದರೂ ಬರಲಾರ ಎಂದುಕೊಂಡಿದ್ದ ದೊಡ್ಡ ತಾತ ಹೆಗಲ ಮೇಲೆ ಹಾರೆ ಹೊತ್ತು ಬಂದ. ತಾನು ಹುಗಿದ ಗೂಟವನ್ನು ತಾನೇ ಮೀಟಿ ಕಿತ್ತ. ಹಂದರದ ಕಂಬಕ್ಕೆ ಬೇರೆ ಕುಣಿ ತೋಡಲು ಬಂದ ಹುಡುಗರನ್ನು ತಡೆದು, ಇದೇ ಸಾಕು ಎಂದ. ಆ ಕುಣಿಗೆ ಹಾಲು ಹಾಕುವುದು ಮುತ್ತೈದೆಯರ ಕೆಲಸ, ಅವರು ತಟ್ಟೆ ಹಿಡಿದು ಕಾದಿದ್ದರು. ದೊಡ್ಡ ತಾತ ಅವರನ್ನು ದಾಟಿ ಬಾಗಿಲ ಕಡೆ ನೋಡಿದ.

"ಲಿಂಗಕ್ಕ, ಹಾಲು ನೀನೇ ಹಾಕವ್ವ."

ಜೇಜಿ ಬಂದು ಹಾಲು ಹಾಕಿದಳು. ಆಮೇಲೆ ಒಲೆಯ ಮುಂದೆ ಕೂತು, ಎಷ್ಟೋ ವರ್ಷಗಳ ಮೇಲೆ ಹೋಳಿಗೆ ಬೇಯಿಸಿದಳು. ಮೊದಲನೆಯದನ್ನು ಕೈಯಿಂದ ಕೈಗೆ ಹಾರಿಸುತ್ತ ಎದ್ದಳು. ಅಭ್ಯಾಸಬಲದಿಂದ ಅಂಗಳದ ಕಡೆ ಎರಡು ಹೆಜ್ಜೆ ಇಟ್ಟು, ನಿಂತು, ಹಿಂತಿರುಗಿ ಬಂದು ಶಿವಕೃಷ್ಣನ ತಟ್ಟೆಗೆ ಹಾಕಿದಳು.