ಇಪ್ಪತ್ತಾರು ಪೊಟ್ಟಣ

ಬೆಂಕಿಗೆ ಹಿಡಿದು ಬಾಡಿಸಿದ ಬಾಳೆಲೆಯ ವಾಸನೆ ಬಂದರೆ ನನಗೆ ಮೊದಲೆಲ್ಲ ಧಾರವಾಡದ ನಮ್ಮ ಅಡುಗೆಮನೆ ನೆನಪಾಗುತ್ತಿತ್ತು. ಓಣಿಯ ಮಕ್ಕಳೆಲ್ಲ ಗುಡ್ಡಕ್ಕೆ ಹೊರಟ ದಿನ ಅವ್ವ ಆ ಎಲೆಯಲ್ಲಿ ಮೊಸರನ್ನ ಕಟ್ಟಿ, ಬುತ್ತಿಗಳನ್ನು ಎಣಿಸುತ್ತಿದ್ದಳು. ಮಕ್ಕಳನ್ನು ಮಾತ್ರ ಎಣಿಸುತ್ತಿರಲಿಲ್ಲ. ಎಣಿಸಿದರೆ ದೃಷ್ಟಿಯಾಗುತ್ತದೆ, ಒಂದು ಕಡಿಮೆಯಾಗುತ್ತದೆ ಎಂಬ ಭಯ.

೧೯೫೪ರ ಮೇ ತಿಂಗಳಲ್ಲಿ ಮುಂಬಯಿಯ ಮಾಟುಂಗದ ನಮ್ಮ ಕನ್ನಡ ಸಂಘದ ಬೇಸಿಗೆ ಶಿಬಿರಕ್ಕೆ ನಾನೇ ಟೀಚರು. ಬಿ.ಎ. ಮುಗಿಸಿ ಎರಡು ವರ್ಷವಾಗಿತ್ತು. ಕೊನೆಯ ದಿನ ಮಕ್ಕಳನ್ನು ವಿಕ್ರೋಳಿಯಾಚೆಯ ಪೋವಾಯಿ ಕೆರೆಗೆ ಕರೆದೊಯ್ಯುವುದೆಂದಾಯಿತು. ಉಡುಪಿ ಹೋಟೆಲಿನವರು ಲಾರಿ ಕೊಟ್ಟರು, ಬಾಳೆಲೆಯಲ್ಲಿ ಚಿತ್ರಾನ್ನ ಕಟ್ಟಿಕೊಟ್ಟರು, ಜೊತೆಗೆ ಅಡುಗೆಯ ಕೊರಗಪ್ಪನವರನ್ನೂ ಕಳಿಸಿದರು.

ಮಕ್ಕಳು ಲಾರಿ ಹತ್ತುವಾಗ ನಾನು ಬೆರಳು ಚಾಚಿ ಒಂದು, ಎರಡು ಎನ್ನತೊಡಗಿದ್ದೆ. ವಿಜಾಪುರದ ಕಡೆಯ ನಾಗವ್ವ ಬಂದು ನನ್ನ ಕೈ ಹಿಡಿದಳು. ಎರಡು ಮಕ್ಕಳನ್ನು ಕಳೆದುಕೊಂಡವಳು. ಉಳಿದದ್ದು ಒಂಬತ್ತು ವರ್ಷದ ರಾಚವ್ವ ಒಬ್ಬಳೇ.

"ಹಂಗ ಬೆರಳು ಮಾಡಿ ಎಣಿಸಬ್ಯಾಡ್ರಿ ಅಕ್ಕೋರ. ನಿಮ್ಮ ಕಾಲಿಗೆ ಬೀಳ್ತೀನಿ."

"ಎಣಿಸದಿದ್ರ ಹೆಂಗ, ನಾಗವ್ವಾ? ಇಪ್ಪತ್ತಾರು ಮಂದಿ ಅದಾರ."

"ಬುತ್ತಿ ಎಣಿಸ್ರಿ. ಬುತ್ತಿಗೆ ಯಾರ ಕಣ್ಣೂ ತಾಗಂಗಿಲ್ಲ."

ಅವ್ವನೇ ಹೇಳಿದಂತಾಯಿತು. ಓದಿದವಳೆಂದು ಆ ತಾಯಿಯ ಮಾತು ಮೀರಲು ಮನಸ್ಸಾಗಲಿಲ್ಲ. ಬುಟ್ಟಿಯಲ್ಲಿದ್ದ ಪೊಟ್ಟಣಗಳನ್ನು ಎಣಿಸಿದೆ. ತಲೆಗೊಂದರಂತೆ ಇಪ್ಪತ್ತಾರು.

"ಬಿ.ಎ. ಓದಿದ್ದು ಚಿತ್ರಾನ್ನ ಎಣಿಸ್ಲಿಕ್ಕಾ ಟೀಚರೇ?" ಎಂದು ಕೊರಗಪ್ಪನವರು ನಕ್ಕರು. "ನಮ್ಮಿಬ್ರಿಗೆ ಕಟ್ಲಿಕ್ಕೆ ಮರ್ತೇ ಹೋಯ್ತು ಮಾರಾಯ್ರೆ. ನಮಗಿವತ್ತು ಏಕಾದಶಿ."

ಕೆರೆಯ ದಂಡೆಯಲ್ಲಿ ಮಕ್ಕಳು ಹನ್ನೆರಡರವರೆಗೆ ಆಡಿದರು. ಊಟಕ್ಕೆ ಕರೆದಾಗ ಒಂದೇ ನೂಕುನುಗ್ಗಲು. ಕ್ಷಣದಲ್ಲಿ ಬುಟ್ಟಿ ಖಾಲಿ. ಒಂದು ಪೊಟ್ಟಣವೂ ಉಳಿಯಲಿಲ್ಲ. ಹಾಗಾದರೆ ಎಲ್ಲರೂ ಬಂದಿದ್ದಾರೆ ಎಂದುಕೊಂಡು ನಾನು ನೆರಳಿನಲ್ಲಿ ಕುಳಿತು ಬೆವರು ಒರೆಸಿಕೊಂಡೆ.

ಅರ್ಧ ತಾಸಿನ ಮೇಲೆ ಶೀಲಾವತಿ ಎಂಬ ಹುಡುಗಿಯ ಮುಂದೆ ಬಿಚ್ಚದ ಪೊಟ್ಟಣವೊಂದು ಕಂಡಿತು. ಅವಳು ತಿಂದು ಮುಗಿಸಿದ ಎಲೆ ಪಕ್ಕದಲ್ಲೇ ಇತ್ತು.

"ಇದು ಯಾರದು, ಶೀಲಾ?"

"ರಾಚೀದು, ಟೀಚರ್. ಖತಂ ಆಗ್ತದೆ ಅಂತ ಅವಳಿಗೆ ಎತ್ತಿಟ್ಟೆ. ಕಮಲದ ಹೂ ತರ್ತೀನಿ ಅಂತ ಹೋದಳು."

"ಯಾವಾಗ?"

"ನೀವು ಊಟಕ್ಕೆ ಕರೆಯೋದಕ್ಕೆ ಪಹಿಲೇ."

ಜೊಂಡಿನ ಹಿಂದೆ, ಕೆಸರಿನಂಚಿನಲ್ಲಿ, ಎರಡು ಸಣ್ಣ ಚಪ್ಪಲಿ ಸಿಕ್ಕವು. ಚಾಳಿನ ಬಾಗಿಲ ಹೊರಗೆ ಬಿಡುವಂತೆ ಒಂದರ ಪಕ್ಕ ಒಂದು ಜೋಡಿಸಿಟ್ಟಿದ್ದಳು.

ಕೊರಗಪ್ಪನವರು ಅಂಗಿ ಕಳಚಿ ನೀರಿಗಿಳಿದರು. ಕಡಲ ಬದಿಯಲ್ಲಿ ಬೆಳೆದವರು. ಮುಳುಗುತ್ತಿದ್ದರು, ಏಳುತ್ತಿದ್ದರು, ತಲೆಯಾಡಿಸಿ ಮತ್ತೆ ಮುಳುಗುತ್ತಿದ್ದರು. ಮೀನುಗಾರರು ದೋಣಿ ತಂದರು. ನಾನು ಉಳಿದ ಮಕ್ಕಳನ್ನು ಲಾರಿಗೆ ಹತ್ತಿಸಿದೆ. ಈ ಸಲ ಒಬ್ಬೊಬ್ಬರ ತಲೆ ಮುಟ್ಟಿ ಎಣಿಸಿದೆ. ಇಪ್ಪತ್ತೈದು. ಕೊನೆಗೆ ಹತ್ತಿದ ಶೀಲಾವತಿ ಪೊಟ್ಟಣವನ್ನು ನನ್ನ ಕೈಗಿಟ್ಟು, "ಅವಳು ಬಂದರೆ ಕೊಡಿ" ಎಂದಳು.

ಮಕ್ಕಳನ್ನು ಬಿಟ್ಟು ಬಂದ ಲಾರಿಯಲ್ಲೇ ನಾಲ್ಕು ಗಂಟೆಗೆ ನಾಗವ್ವ ಬಂದಳು. ಅಳಲಿಲ್ಲ. ಚಪ್ಪಲಿಗಳ ಕೆಸರನ್ನು ಸೆರಗಿನಿಂದ ಒರೆಸಿ, ನನ್ನ ಪಕ್ಕದಲ್ಲಿ ಕುಳಿತಳು.

"ನಾ ಎಣಿಸಬೇಕಾಗಿತ್ತು, ನಾಗವ್ವಾ."

"ಬ್ಯಾಡ ಅಂದಾಕಿ ನಾನಽ ಅಲ್ರೀ," ಎಂದಳು, ನೀರನ್ನೇ ನೋಡುತ್ತ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಹೊತ್ತು ಇಳಿಯಿತು. ಮೀನುಗಾರರು ದೋಣಿಯನ್ನು ದಡಕ್ಕೆಳೆದು ಕಟ್ಟಿದರು. ಇನ್ನು ಹುಡುಕಿ ಫಲವಿಲ್ಲ, ನಾಳೆ ತಾನಾಗಿ ಮೇಲೆ ಬರುತ್ತದೆ ಎಂದು ನನಗೆ ಮಾತ್ರ ಕೇಳುವಂತೆ ಮರಾಠಿಯಲ್ಲಿ ಹೇಳಿದರು. ನಾಗವ್ವನಿಗೂ ಕೇಳಿಸಿತು. ಅವಳಿಗೆ ಮರಾಠಿ ಬರುತ್ತಿತ್ತು.

ಕೊರಗಪ್ಪನವರು ದಡಕ್ಕೆ ಬಂದು ನಿಂತರು. ಬೆಳಗಿನಿಂದ ಏನೂ ತಿಂದಿರಲಿಲ್ಲ. ಹಲ್ಲು ಕಟಕಟ ಎನ್ನುತ್ತಿದ್ದವು. "ಇನ್ನೊಂದ್ಸಲ ನೋಡ್ತೇನೆ ಅಕ್ಕಾ," ಎಂದರು ನಾಗವ್ವನಿಗೆ.

ನಾಗವ್ವ ಎದ್ದಳು. ಇಡೀ ಮಧ್ಯಾಹ್ನ ನನ್ನ ಮಡಿಲಲ್ಲಿದ್ದ ಪೊಟ್ಟಣವನ್ನು ತೆಗೆದುಕೊಂಡಳು. ದಾರ ಬಿಚ್ಚಿ, ಎಲೆ ತೆರೆದು, ಅದನ್ನು ಅವರ ಒದ್ದೆ ಕೈಗಳಲ್ಲಿಟ್ಟಳು.