ಬೂದುಗುಂಬಳದ ಚುನಾವಣೆ

ನಮ್ಮ ಕಂಪನಿಯಲ್ಲಿ ಎಲ್ಲರೂ ಸಮಾನರು ಎಂದು ಐದು ವರ್ಷ ಹೊಸಬರಿಗೆಲ್ಲ ಹೇಳಿಕೊಡುತ್ತಿದ್ದವಳು ನಾನೇ, ಎಚ್‌ಆರ್ ಸೀತಾಲಕ್ಷ್ಮಿ. ಬಾಯಿಪಾಠ ಒಪ್ಪಿಸುತ್ತಿರಲಿಲ್ಲ, ನಿಜಕ್ಕೂ ನಂಬಿದ್ದೆ. ಬ್ಯಾಂಕಿನಲ್ಲಿ ಹದಿನಾಲ್ಕು ವರ್ಷ ಮ್ಯಾನೇಜರ್ ಮುಂದೆ ಕೈಕಟ್ಟಿ ನಿಂತು ಬಂದವಳಿಗೆ, ಜೆ.ಪಿ. ನಗರದ ಈ ಸಾಫ್ಟ್‌ವೇರ್ ಆಫೀಸಿನಲ್ಲಿ ಮಾಲೀಕರನ್ನೇ ‘ಶ್ಯಾಮ್’ ಎಂದು ಹೆಸರು ಹಿಡಿದು ಕರೆಯುವುದು ಮೋಕ್ಷವೇ ಆಗಿತ್ತು. ಮನೆಯವರು ಇಟ್ಟ ಹೆಸರು ಶಾಮಣ್ಣ. ಅಮೆರಿಕದಿಂದ ಬರುವಾಗ ಅಣ್ಣನನ್ನು ಅಲ್ಲೇ ಬಿಟ್ಟು ಬಂದಿದ್ದರು.

೨೦೦೨ರ ಆಯುಧಪೂಜೆಗೆ ಅಮೆರಿಕದ ಕ್ಲೈಂಟ್ ಬರುವವರಿದ್ದರು. ನಮ್ಮ ಸಮಾನತೆಯನ್ನು ಅವರಿಗೆ ಕಣ್ಣಾರೆ ತೋರಿಸಬೇಕೆಂದು ಶ್ಯಾಮ್‌ಗೆ ಹೊಳೆಯಿತು. ಪ್ರತಿ ವರ್ಷ ಗೇಟಿನ ಮುಂದೆ ಬೂದುಗುಂಬಳ ಒಡೆಯುತ್ತಿದ್ದವರು ಅವರೇ. ಈ ಸಲ ಯಾರು ಒಡೆಯಬೇಕೆಂದು ಎಲ್ಲರೂ ಚೀಟಿ ಬರೆದು ಡಬ್ಬಿಗೆ ಹಾಕಲಿ ಎಂದರು. ಹೆಂಗಸರು ಕುಂಬಳಕಾಯಿ ಒಡೆಯುವ ಪದ್ಧತಿ ಇಲ್ಲವಲ್ಲ, ಹಾಗಾಗಿ ನನ್ನನ್ನು ಚುನಾವಣಾಧಿಕಾರಿ ಮಾಡಿದರು. ಸಮಾನತೆಗೂ ಒಂದು ಮಿತಿ ಬೇಡವೇ?

ಪೂಜೆಯ ಬೆಳಿಗ್ಗೆ ಊಟದ ಕೋಣೆಯ ಬಾಗಿಲು ಹಾಕಿಕೊಂಡು ಎಣಿಸಿದೆ. ನಲವತ್ನಾಲ್ಕು ಚೀಟಿಗಳಲ್ಲಿ ನಲವತ್ತೆರಡು ವಾಚ್‌ಮನ್ ಹಣಮಪ್ಪನಿಗೆ ಬಿದ್ದಿದ್ದವು. ಬಾದಾಮಿ ಕಡೆಯ ಹಣಮಪ್ಪ ನಮ್ಮ ಕೆಟ್ಟ ಸ್ಕೂಟರುಗಳನ್ನು ಸ್ಟಾರ್ಟ್ ಮಾಡಿಕೊಟ್ಟು, ಹುಡುಗಿಯರಿಗೆ ಆಟೋ ಹಿಡಿದುಕೊಟ್ಟು, ಎಲ್ಲರ ಅತ್ತೆಯರ ಮಂಡಿನೋವು ವಿಚಾರಿಸುತ್ತಿದ್ದವನು. ಶ್ಯಾಮ್‌ಗೆ ಬಿದ್ದದ್ದು ಎರಡೇ. ಒಂದು ಅವರದೇ ಹಸಿರು ಶಾಯಿಯದು. ಇನ್ನೊಂದರ ಸೊಟ್ಟ ಅಕ್ಷರವನ್ನು ಗೇಟಿನ ರಿಜಿಸ್ಟರಿನಲ್ಲಿ ದಿನಾ ನೋಡುತ್ತಿದ್ದೆ, ಅದು ಹಣಮಪ್ಪನದು.

ಶ್ಯಾಮ್ ಫಲಿತಾಂಶವನ್ನು ಎರಡು ಸಲ ಓದಿದರು. ಮೊದಲು ಪ್ರೊಬೇಷನ್‌ನಲ್ಲಿ ಇರುವವರ ವೋಟು ಲೆಕ್ಕಕ್ಕಿಲ್ಲ ಎಂದರು. ಆಮೇಲೆ ಆ ವಾರ ತಡವಾಗಿ ಬಂದವರದೂ ಇಲ್ಲ ಎಂದರು. ಆಗಲೂ ಹಣಮಪ್ಪನೇ ಗೆಲ್ಲುತ್ತಿದ್ದ. ಕೊನೆಗೆ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು.

“ಸೀತಾ, ಡೇಟಾನ ಇದ್ದ ಹಾಗೇ ಓದ್ಬಾರ್ದು, ಅರ್ಥ ಮಾಡ್ಕೋಬೇಕು. ಜನ ಅವನ ಹೆಸ್ರು ಬರೆಯೋ ಧೈರ್ಯ ಮಾಡಿದ್ದು ಯಾಕೆ? ನಾನು ಕೊಟ್ಟಿರೋ ಸ್ವಾತಂತ್ರ್ಯದಿಂದ. ಅಂದ್ಮೇಲೆ ಅದು ನನಗೇ ಬಿದ್ದಿರೋ ವೋಟು.”

ತಮಾಷೆಯೇನೋ ಎಂದು ಮುಖ ನೋಡಿದೆ. ಅಲ್ಲ. ಆಗುವುದಿಲ್ಲ ಎನ್ನಬೇಕಿತ್ತು. ಬಾಯಿಂದ ಬಂದದ್ದು ‘ಸರಿ ಸಾರ್’. ಐದು ವರ್ಷದಲ್ಲಿ ನನ್ನ ಮೊದಲ ಸಾರ್. ಅವರೂ ತಿದ್ದಲಿಲ್ಲ.

ಶ್ಯಾಮ್ ಭಾರೀ ಬಹುಮತದಿಂದ ಗೆದ್ದಿದ್ದಾರೆ ಎಂದು ಗೇಟಿನ ಬಳಿ ಘೋಷಿಸಿದೆ. ಜನ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಲೇ ಚಪ್ಪಾಳೆ ತಟ್ಟಿದರು. ಕ್ಲೈಂಟ್ ಫೋಟೋ ತೆಗೆದುಕೊಂಡರು. ಶ್ಯಾಮ್ ಎತ್ತಿ ಹಾಕಿದ ಕುಂಬಳಕಾಯಿ ಒಡೆಯದೆ ಉರುಳಿಕೊಂಡು ಹೋಗಿ ಅವರ ಹೊಸ ಕಾರಿನಡಿ ಸೇರಿತು. ಹಣಮಪ್ಪ ಮಲಗಿ, ತೆವಳಿ, ಅದನ್ನು ತಂದು ಮತ್ತೆ ಅವರ ಕೈಗೇ ಇಟ್ಟ.

ಕಡಲೆಪುರಿ ಹಂಚಿದ ಮೇಲೆ ನನಗೆ ತಡೆಯಲಾಗಲಿಲ್ಲ. ಹಣಮಪ್ಪನ ಬಳಿ ಹೋಗಿ ನಡೆದದ್ದನ್ನೆಲ್ಲ ಹೇಳಿದೆ, ತಪ್ಪಾಯಿತು ಎಂದೆ. ನಲವತ್ತೆರಡು ವೋಟು ಎಂದು ಕೇಳಿ ಹಿಗ್ಗುತ್ತಾನೆ ಅಂದುಕೊಂಡಿದ್ದೆ. ಅವನು ಪುರಿಯ ಪೊಟ್ಟಣ ಕೆಳಗಿಟ್ಟು ಎದ್ದು ನಿಂತ.

“ಇದು ಸಾಹೇಬ್ರಿಗೆ ಗೊತ್ತೈತೇನ್ರಿ ಮೇಡಂ?”

ಗೊತ್ತು ಎಂದೆ.

“ಹಂಗಾದ್ರ ನಾಳಿಂದ ನಾ ಬರೂದು ಬ್ಯಾಡೇನ್ರಿ?”

ಬಾ ಎಂದು ಹೇಳಲು ಎಚ್‌ಆರ್‌ಗೆ ಧೈರ್ಯ ಬರಲಿಲ್ಲ.