ಕಲೆಯನ್ನೇ ಕೇಳುವವರು

ಕೈ ಬರಿದಾಗಿದ್ದಾಗಲೂ ಅವರು ತುಂಬಿದ ಬಕೆಟ್ ಹಿಡಿದವರಂತೆ ಬಲಕ್ಕೆ ವಾಲಿಯೇ ನಡೆಯುತ್ತಿದ್ದರು. ಮೂವತ್ತು ವರ್ಷ ಈಜುಕೊಳಗಳ ಅಂಚಿನಲ್ಲಿ ಔಷಧದ ನೀರು ಹೊತ್ತು ಹೊತ್ತು ಆ ಭಾರ ಭುಜದಲ್ಲೇ ಮನೆಮಾಡಿಕೊಂಡಿತ್ತೋ ಏನೋ, ಸಂಜೆ ಗೇಟು ದಾಟಿ ಮನೆಗೆ ಹೊರಟಾಗಲೂ ಅದು ಅವರ ಬೆನ್ನು ಬಿಡುತ್ತಿರಲಿಲ್ಲ. ಮೈಮೇಲೆ ಸದಾ ಒಂದು ನೀಲಿ ಕೋಟು. ಕ್ಲೋರಿನ್ ಹನಿ ಸಿಡಿದಲ್ಲೆಲ್ಲ ಬಣ್ಣ ಹಾರಿ, ಯಾವುದೋ ಅಜ್ಞಾತ ದ್ವೀಪಸಮೂಹದ ನಕ್ಷೆಯಂತಾಗಿದ್ದ ಕೋಟು. ಕೊಳಕ್ಕೆ ಹತ್ತು ಹೆಜ್ಜೆ ಇರುವಾಗಲೇ ಚಪ್ಪಲಿ ಬಿಟ್ಟು, ಜೋಡಿಸಿಟ್ಟು, ಆಮೇಲೆ ಮುಂದಿನ ಹೆಜ್ಜೆ. ನಮ್ಮ ವಸತಿ ಸಮುಚ್ಚಯದ ಮಕ್ಕಳೆಲ್ಲ ಅವರನ್ನು ನೀರುತಾತ ಎಂದು ಕರೆಯುತ್ತಿದ್ದರು. ನನಗೋ, ಅವರ ನಿಧಾನವನ್ನು ಕಂಡರೆ ಮೈ ಪರಚಿಕೊಳ್ಳುವಂತಾಗುತ್ತಿತ್ತು.

ಮಗಳು ಎರಡು ಸಲ ಸೀನಿದರೆ ಥರ್ಮಾಮೀಟರ್ ಹುಡುಕುವವಳು ನಾನು. ಹೀಗಿರುವಾಗ ಕೊಳದ ಬಿಳಿಯ ಗಾರೆಯ ಮೇಲೆ, ಅದೂ ಮಕ್ಕಳು ಇಳಿಯುವ ಮೆಟ್ಟಿಲ ಪಕ್ಕದಲ್ಲೇ, ಕಂದು ಬಣ್ಣದ ಕಲೆಯೊಂದು ಹರಡತೊಡಗಿದರೆ ಸುಮ್ಮನಿರುವುದುಂಟೆ? ಐದು ವರ್ಷದ ನನ್ನ ಮಗಳು ಅದಕ್ಕೆ ಹುಲಿಯೆಂದು ಹೆಸರಿಟ್ಟು, ನೀರಿಗೆ ಕಾಲಿಡಲಾರೆನೆಂದು ಹಟ ಹಿಡಿದಳು. ನಾನು ಸಂಘದ ಅಧ್ಯಕ್ಷರಿಗೆ ದೂರಿತ್ತೆ. ಅಧ್ಯಕ್ಷರು ಇನ್ನಷ್ಟು ಕ್ಲೋರಿನ್ ಸುರಿಸಿದರು. ಹುಲಿ ಕೊಬ್ಬಿತು.

"ಸ್ವಾಮಿ, ಕ್ಲೋರಿನ್ ಹಾಕಿದಷ್ಟೂ ಅದು ಕಪ್ಪಾಗುತ್ತೆ. ಇದು ಪಾಚಿ ಅಲ್ಲ" ಎಂದು ನೀರುತಾತ ಅಂದದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಗಾದರೆ ಅದೇನು ಎಂದರೆ ಅವರದು ಒಂದೇ ಉತ್ತರ: "ಅದನ್ನೇ ಕೇಳೋಣ." ಪಂಪು ಕೆಮ್ಮಿದರೂ ಅದೇ ಮಾತು, ನೀರು ಕದಡಿದರೂ ಅದೇ ಮಾತು. ಕಲೆ ಬಾಯಿಬಿಡುವವರೆಗೆ ಕಾಯುವ ತಾಳ್ಮೆ ನನಗೆಲ್ಲಿಯದು? ಒಂದು ಬೆಳಿಗ್ಗೆ ಯಾರೂ ಇಲ್ಲದ ಹೊತ್ತು ನೋಡಿ, ಪಾತ್ರೆ ಉಜ್ಜುವ ತಂತಿಯ ನಾರು ಹಿಡಿದು ಮೆಟ್ಟಿಲಿಗಿಳಿದೆ. ರಟ್ಟೆ ಸೋಲುವವರೆಗೆ ಉಜ್ಜಿದೆ. ಕಲೆ ಕೊಂಚ ತಿಳಿಯಾಯಿತು. ಲೋಕ ಗೆದ್ದವಳಂತೆ ಮನೆಗೆ ಬಂದೆ. ಹತ್ತೇ ದಿನ, ಮೆಟ್ಟಿಲ ತುಂಬ ಸಾಸಿವೆಯಷ್ಟು ಸಾಸಿವೆಯಷ್ಟು ಕಂದು ಚುಕ್ಕೆ. ಹುಲಿ ಮರಿ ಹಾಕಿತ್ತು.

ಆ ಚುಕ್ಕೆಗಳನ್ನು ನೋಡಿದ ಮೇಲೆಯೇ ಸಂಘ ತೀರ್ಮಾನಿಸಿದ್ದು: ಸೋಮವಾರ ಗಾರೆಯನ್ನೆಲ್ಲ ಕೆತ್ತಿಸುವುದು, ಹೊಣೆಗೇಡಿ ಮುದುಕನನ್ನು ಕೆಲಸದಿಂದ ತೆಗೆಯುವುದು. ಅಂದಿನಿಂದ ನನಗೆ ಅನ್ನ ಸೇರಲಿಲ್ಲ; ಆದರೆ ಉಜ್ಜಿದ್ದು ನಾನೆಂದು ಹೇಳಲು ಬಾಯಿಯೂ ಬರಲಿಲ್ಲ. ನೀರುತಾತ ಮಾತ್ರ ಸಿಟ್ಟಾಗಲಿಲ್ಲ, ಕೈಮುಗಿಯಲೂ ಇಲ್ಲ. "ನಾಲ್ಕು ದಿನ ಕ್ಲೋರಿನ್ ನಿಲ್ಲಿಸಿ, ಯಾರನ್ನೂ ನೀರಿಗೆ ಬಿಡಬೇಡಿ. ಭಾನುವಾರ ಎಲ್ಲರೂ ಬನ್ನಿ, ಅದನ್ನೇ ಕೇಳೋಣ. ಆಮೇಲೆ ಹೋಗು ಅಂದ್ರೆ ಹೋಗ್ತೀನಿ" ಎಂದರಷ್ಟೆ.

ಭಾನುವಾರ ಬೆಳಿಗ್ಗೆ ಕೊಳದ ಸುತ್ತ ಜಾತ್ರೆಯಂತೆ ಜನ. ಹತ್ತು ಹೆಜ್ಜೆ ದೂರದಲ್ಲಿ ಚಪ್ಪಲಿ ಬಿಟ್ಟು ಬಂದ ನೀರುತಾತ ಕೋಟಿನ ಜೇಬಿಗೆ ಕೈಹಾಕಿ ಒಂದು ಮಾತ್ರೆ ತೆಗೆದರು. ಮಗಳಿಗೆ ನೆಗಡಿಯಾದಾಗ ನಾನು ಚೀಪಲು ಕೊಡುವ ಅದೇ ವಿಟಮಿನ್ ಸಿ ಮಾತ್ರೆ.

"ಏನಯ್ಯಾ, ಕೊಳಕ್ಕೂ ನೆಗಡೀನಾ?" ಎಂದರು ಅಧ್ಯಕ್ಷರು. ಎಲ್ಲರೂ ನಕ್ಕರು.

ನೀರುತಾತ ಮೆಟ್ಟಿಲಲ್ಲಿ ಕುಳಿತು, ಕೈಯನ್ನು ಮೊಣಕೈವರೆಗೆ ನೀರಿಗಿಳಿಸಿ, ಮಾತ್ರೆಯನ್ನು ಹುಲಿಯ ಹಣೆಗೆ ಒತ್ತಿ ಹಿಡಿದರು. ಕೊಂಚ ಹೊತ್ತಿಗೆ ಹೆಬ್ಬೆರಳೆತ್ತಿದಾಗ ಅಲ್ಲೊಂದು ಹಾಲುಬಿಳುಪಿನ ದುಂಡು ಗುರುತು. ನಗು ನಿಂತಿತು.

"ಹೇಳಿಬಿಡ್ತು ನೋಡಿ. ಕ್ಲೋರಿನ್ ಇಲ್ಲದಾಗ ಈ ಮಾತ್ರೆ ಹುಳಿಗೆ ತುಕ್ಕು ಕರಗುತ್ತೆ, ಪಾಚಿ ಜಗ್ಗಲ್ಲ. ಕಬ್ಬಿಣ. ಕೊಳವೆಬಾವಿ ನೀರಲ್ಲಿ ಕರಗಿ ಬಂದದ್ದು, ಕ್ಲೋರಿನ್ ಕಂಡು ಗೋಡೆಗೆ ಅಂಟಿದೆ." ಆಮೇಲೆ ಚುಕ್ಕೆಗಳ ಮೇಲೆ ಬೆರಳಾಡಿಸಿದರು. "ಇವು ಮಾತ್ರ ನೀರಿಂದ ಬಂದವಲ್ಲ. ಯಾರೋ ತಂತಿನಾರಲ್ಲಿ ಉಜ್ಜಿದಾರೆ. ಎಳೆ ಮುರಿದು ಗಾರೆಯೊಳಗೆ ತುಕ್ಕು ಹಿಡಿದಿದೆ."

"ಯಾರೋ ಏನು, ನೀನೇ ಉಜ್ಜಿರ್ತೀಯ! ನೀನಲ್ಲದೆ ಇಲ್ಲಿ ಕೆಲಸ ಮಾಡೋರು ಯಾರು?" ಎಂದರು ಅಧ್ಯಕ್ಷರು.

ನೀರುತಾತ ಚುಕ್ಕೆಗಳ ಮೇಲೆ ಬೆರಳಾಡಿಸುತ್ತಲೇ ಇದ್ದರು. ಉಜ್ಜಿದವರ ಹೆಸರು ಅವರ ಬಾಯಿಂದ ಬರುವುದಿಲ್ಲವೆಂದು ನನಗೆ ಏಕೋ ಖಚಿತವಾಯಿತು.

"ನಾನು" ಎಂದೆ. ದನಿ ನನ್ನದೆಂದು ನನಗೇ ನಂಬಿಕೆಯಾಗಲಿಲ್ಲ. "ಉಜ್ಜಿದ್ದು ನಾನು."

"ಗೊತ್ತಿತ್ತಮ್ಮಾ" ಎಂದು ನೀರುತಾತ ನಕ್ಕರು. "ಅಡುಗೆಮನೆ ಕೈ ಅದು. ತಳ ಹಿಡಿದ ಪಾತ್ರೆ ಉಜ್ಜಿದ ಹಾಗೆ ದುಂಡಗೆ ಗೀರು ಬಿದ್ದಿದೆ. ಚೆನ್ನಾಗೇ ಉಜ್ಜಿದೀರಿ, ಪಾತ್ರೆ ತಪ್ಪಿತು ಅಷ್ಟೆ."

ಪಂಪು ಶುರುವಾಯಿತು. ಅದೇ ವಿಟಮಿನ್ನಿನ ಪುಡಿ ತುಂಬಿದ ಬಕೆಟ್ ಹಿಡಿದು, ಹಿಡಿ ಹಿಡಿಯಾಗಿ ಗೋಡೆಯುದ್ದಕ್ಕೂ ಚೆಲ್ಲುತ್ತ ಅವರು ಕೊಳವನ್ನು ಸುತ್ತು ಹಾಕಿದರು. ಆ ವಾಲಿದ ನಡಿಗೆಗೆ ಅಂದು ರಾಜಗಾಂಭೀರ್ಯವೇ ಬಂದಿತ್ತು. "ಅಮ್ಮಾ, ಬಾಲ ಹೋಯ್ತು!" ಎಂದು ನನ್ನ ಮಗಳು ಚೀರಿದಳು. ಅರ್ಧ ಗಂಟೆಗೆ ಹಿಂಗಾಲು ಹೋದವು, ಪಟ್ಟೆಗಳು ಹೋದವು, "ಕಿವಿ, ಕಿವಿ ಹೋಗ್ತಿದೆ ನೋಡಿ!" ಎಂದು ಕೊನೆಗೆ ಕೂಗಿದವರು ಸ್ವತಃ ಅಧ್ಯಕ್ಷರು. ಚುಕ್ಕೆಗಳಲ್ಲಿ ಹೂತಿದ್ದ ಎಳೆಗಳನ್ನು ನೀರುತಾತ ಮರದ ಕಡ್ಡಿಯಿಂದ ಒಂದೊಂದಾಗಿ ಕೆದಕಿ ತೆಗೆದು ನನ್ನ ಅಂಗೈಯಲ್ಲಿಟ್ಟರು. ಮಧ್ಯಾಹ್ನದ ಬಿಸಿಲಿಗೆ ಗಾರೆ ಹೊಸದಾಗಿ ಬಳಿದಂತೆ ಬೆಳಗುತ್ತಿತ್ತು.

"ನಿಮ್ಮ ಮಾತನ್ನ ಮೊದಲೇ ಕೇಳಬೇಕಿತ್ತು ಕಣ್ರೀ" ಎಂದರು ಅಧ್ಯಕ್ಷರು.

"ನನ್ನನ್ನಲ್ಲ ಸ್ವಾಮಿ. ಅದನ್ನ."

ಕೆತ್ತುವವರಿಗೆ ಬರಬೇಡಿರೆಂದು ಅಲ್ಲಿಂದಲೇ ಫೋನು ಹೋಯಿತು. ಕರಗಿದ ಕಬ್ಬಿಣ ಮತ್ತೆ ಗೋಡೆ ಸೇರದಂತೆ ಇನ್ನೊಂದು ಔಷಧ ಹಾಕಿ, ಕ್ಲೋರಿನ್ನನ್ನು ಚಮಚ ಚಮಚವಾಗಿ ಮರಳಿಸಿ, ವಾರದ ನಂತರ ನೀರುತಾತ ಇನ್ನು ಇಳಿಯಬಹುದೆಂದು ತಲೆಯಾಡಿಸಿದಾಗ, ನನ್ನ ಮಗಳು ಹುಲಿ ಮಲಗಿದ್ದ ಜಾಗದ ಮೇಲೆಯೇ ಧಡಕ್ಕನೆ ಕಾಲಿಟ್ಟು ನೀರಿಗಿಳಿದಳು. ನಾನು ಟವೆಲ್ ಹಿಡಿದು ನಿಂತಿದ್ದೆ. ಥರ್ಮಾಮೀಟರ್ ಮನೆಯಲ್ಲೇ ಉಳಿದಿತ್ತು.

ಕಲೆ ಕಂಡೊಡನೆ ಕೈಗೆ ಸಿಕ್ಕಿದ್ದನ್ನು ಹಿಡಿದು ಉಜ್ಜತೊಡಗುವ ಮಂದಿ ನಾವು. ನಮ್ಮ ಭಯದ ಎಳೆಗಳೇ ಒಳಗೆ ಮುರಿದು ಹೊಸ ತುಕ್ಕಾಗುವುದು ನಮಗೆ ತಿಳಿಯುವುದೇ ಇಲ್ಲ. ಕಲೆಯ ಮುಂದೆ ಕುಳಿತು, ನೀನು ಯಾವುದರಿಂದಾದೆ ಎಂದು ಮೆಲ್ಲನೆ ವಿಚಾರಿಸಬಲ್ಲವರು ಪ್ರತಿ ಕೊಳದ ಅಂಚಿನಲ್ಲೂ ಒಬ್ಬರಿರುತ್ತಾರೆ, ಒಂದು ಭುಜ ತಗ್ಗಿಸಿಕೊಂಡು. ಮಕ್ಕಳನ್ನು ನೀರಿಗೆ ಬಿಟ್ಟು ದಡದಲ್ಲಿ ನಿಶ್ಚಿಂತೆಯಿಂದ ನಿಲ್ಲುವ ತಾಯಂದಿರ ಧೈರ್ಯವೆಲ್ಲ ಆ ವಾಲಿದ ಭುಜದ ಮೇಲಿದೆ.